ಸಿಂಗಾಪುರದ ಟ್ರೈನಿಂಗು

ಹುಲಿಗೆವ್ವ ಕೆಲಸಕ್ಕೆ ಹೋಗುತ್ತಿರಲಿಲ್ಲ, ಟ್ರೈನಿಂಗಿಗೆ ಹೋಗುತ್ತಿದ್ದಳು. ಯಾರು ಕೇಳಿದರೂ ಹಾಗೆಂದೇ ಹೇಳುತ್ತಿದ್ದಳು.

ಬೆಳಿಗ್ಗೆ ಆರಕ್ಕೆ ಬಿಟಿಎಂ ಲೇಔಟಿನ ಹಿಂದಿನ ಶೀಟಿನ ಮನೆಯಿಂದ ಹೊರಟರೆ ಏಳಕ್ಕೆ ಜಯನಗರದಲ್ಲಿ ಕಲ್ಯಾಣಿ ಮೇಡಂ ಮನೆಯ ಗೇಟು. ಬಸ್ಸಿಗೆ ಚಿಲ್ಲರೆ ಇಲ್ಲದ ದಿನ ನಡಿಗೆ. ಮೊದಲು ರಾತ್ರಿಯ ಪಾತ್ರೆ. ಆಮೇಲೆ ಕೆಳಗಿನ ಮನೆ, ಮೇಲಿನ ಮನೆ, ನಡುವಿನ ಇಪ್ಪತ್ತೆರಡು ಮೆಟ್ಟಿಲು, ಅಷ್ಟನ್ನೂ ಗುಡಿಸಿ ಒರೆಸಬೇಕು. ಮೂರು ಬಚ್ಚಲು ತಿಕ್ಕಬೇಕು. ವಾಷಿಂಗ್ ಮೆಷಿನ್ ಇತ್ತು. ಆದರೆ ಮೆಷಿನ್ನಿಗೆ ಕಾಲರಿನ ಕೊಳೆ ಬಿಡುವುದಿಲ್ಲವೆಂದು ಮೇಡಂ ಆರು ಜನರ ಬಟ್ಟೆಯನ್ನೂ ಕೈಯಲ್ಲೇ ಒಗೆಸುತ್ತಿದ್ದರು. ಆಸಿಡ್ಡು ತಾಗಿ ಹುಲಿಗೆವ್ವನ ಬೆರಳ ಸಂದಿಗಳು ಬಿರಿದಿದ್ದವು. ಸಂಜೆ ರೊಟ್ಟಿಗೆಂದು ಬಿಸಿನೀರು ಹಾಕಿ ಹಿಟ್ಟು ನಾದುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಹೀಗೆ ನಾಲ್ಕು ತಿಂಗಳು. ಒಂದು ರೂಪಾಯಿ ಅವಳ ಕೈಗೆ ಬಂದಿರಲಿಲ್ಲ. ಬರಬೇಕೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ. ಟ್ರೈನಿಂಗಿಗೆ ಯಾರಾದರೂ ಸಂಬಳ ಕೊಡುತ್ತಾರೆಯೆ?

ಹಾಗಂತ ತಲೆಗೆ ತುಂಬಿದವನು ವೇಣು. ಬಿಟಿಎಂ ಎರಡನೇ ಹಂತದಲ್ಲಿ ಒಂದು ಬೇಕರಿಯ ಮೇಲೆ ಅವನ ಆಫೀಸು. ಒಂದು ಮೇಜು, ಎರಡು ಫೋನು, ಗೋಡೆಗೆ ಸಿಂಗಾಪುರದ ಕ್ಯಾಲೆಂಡರು. ಎರಡು ಫೋನಿನಲ್ಲಿ ಒಂದಕ್ಕೆ ವೈರೇ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾದ ಸಂಗತಿ. ಇದು 1999ರ ಮಾತು. ಹುಲಿಗೆವ್ವ ಮತ್ತು ಅವಳ ಗಂಡ ಹೊಳೆಪ್ಪ ಮೊದಲ ಸಲ ಆ ಮೆಟ್ಟಿಲು ಹತ್ತಿದಾಗ ವೇಣು ಇಬ್ಬರಿಗೂ ಕುರ್ಚಿ ಕೊಟ್ಟ, ಟೀ ತರಿಸಿದ. ಕೊಪ್ಪಳದ ಕಡೆಯಿಂದ ಬಂದು ಎರಡು ವರ್ಷವಾಗಿದ್ದರೂ ಬೆಂಗಳೂರಿನಲ್ಲಿ ಅವರಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಅಲ್ಲಿಗೇ ಅರ್ಧ ಕೆಲಸ ಮುಗಿದಿತ್ತು.

"ನೋಡಮ್ಮ, ಸಿಂಗಾಪುರ ಅಂದ್ರೆ ಸಖತ್ ಕಾಸ್ಟ್ಲಿ ಊರು," ಅಂದಿದ್ದ ವೇಣು. "ಸುತ್ತ ಸಮುದ್ರ. ಕೊತ್ತಂಬ್ರಿ ಸೊಪ್ಪೂ ಹೊರಗಿಂದ ಬರ್ಬೇಕು. ಅಲ್ಲಿ ಒಂದು ಗ್ಲಾಸ್ ಒಡೆದ್ರೆ ನಿನ್ನ ಅರ್ಧ ತಿಂಗಳ ಸಂಬಳ ಹೋಯ್ತು. ಅದಕ್ಕೇ ಇಲ್ಲೇ ಒಡೆದು ಕಲ್ತ್ಕೋ ಅನ್ನೋದು. ಆರು ತಿಂಗಳು ಪ್ರಾಕ್ಟಿಕಲ್ಲು, ಒಳ್ಳೊಳ್ಳೇ ಮನೆಗಳಲ್ಲಿ. ಈಗ ನೀನು ದುಡಿ, ಆಮೇಲೆ ಸಿಂಗಾಪುರ ನಿನಗೋಸ್ಕರ ದುಡಿಯುತ್ತೆ. ಮಧ್ಯದಲ್ಲಿ ದುಡ್ಡಿನ ಮಾತಿಲ್ಲ. ಏನ್ ಹೊಳೆಪ್ಪ?"

ಹೊಳೆಪ್ಪ ತಲೆಯಾಡಿಸಿದ. ಹುಲಿಗೆವ್ವನಿಗಂತೂ ಈ ಮಾತು ತಟ್ಟನೆ ಅರ್ಥವಾಯಿತು, ತನ್ನ ಊರಿನ ರೀತಿಯಲ್ಲಿ. ಅವರ ಕಡೆ ಕಳೆ ತೆಗೆಯುವ ದಿನಗಳಲ್ಲಿ ಮುಯ್ಯಿ ಅಂತ ಇರುತ್ತದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯಿಲ್ಲ. ಮುಯ್ಯಿಯಾಳಾಗಿ ಹೋಗಿ ಕೂಲಿ ಕೇಳುವವಳನ್ನು ಊರಲ್ಲಿ ಯಾರೂ ಹೆಂಗಸು ಅನ್ನುವುದಿಲ್ಲ. ವೇಣು ಸಾಹೇಬರೂ ಮುಯ್ಯಿಯ ಮಾತೇ ಆಡುತ್ತಿದ್ದಾರೆ ಅಂದುಕೊಂಡಳು. ಬಿಟಿಎಮ್ಮಿನಲ್ಲಿ ಸಂಬಳ ಬರುತ್ತಿದ್ದ ಎರಡು ಮನೆ ಕೆಲಸ ಬಿಟ್ಟಳು. ಪಾಸ್‌ಪೋರ್ಟಿನ ಖರ್ಚಿಗೆಂದು ಕಿವಿಯ ಓಲೆ ಹೋದವು. ಮನೆ ನಡೆಯುವುದು ಹೊಳೆಪ್ಪನ ಗಾರೆ ಕೆಲಸದ ಕೂಲಿಯೊಂದರಲ್ಲೇ ಎಂದಾಯಿತು. ಅವನಿಗೂ ಟ್ರೈನಿಂಗ್ ಇತ್ತು, ಭಾನುವಾರಗಳಲ್ಲಿ, ಚಿಕ್ಕಲಸಂದ್ರದ ಒಂದು ಕಟ್ಟಡದಲ್ಲಿ. ಅಲ್ಲಿ ವೇಣು ಅವನ ತಲೆಗೊಂದು ಹಳದಿ ಹೆಲ್ಮೆಟ್ ಹಾಕಿಸಿದ್ದ. ಸಿಂಗಾಪುರದಲ್ಲಿ ಹೆಲ್ಮೆಟ್ ಇಲ್ಲದೆ ಇಟ್ಟಿಗೆ ಮುಟ್ಟುವ ಹಾಗಿಲ್ಲವಂತೆ.

ಸಂಜೆ ಊಟಕ್ಕೆ ಕೂತರೆ ಇಬ್ಬರದೂ ಅದೇ ಮಾತು.

"ಸುತ್ತಾ ಉಪ್ಪುನೀರ ಅಂದ್ರ ಕುಡ್ಯಾಕ ಏನ್ ಮಾಡ್ತಾರ?" ಅಂತ ಹೊಳೆಪ್ಪ ಕೇಳುತ್ತಿದ್ದ.

"ಅಷ್ಟ್ ರೊಕ್ಕ ಇದ್ದಾವ್ರು ನೀರಿಲ್ದ ಇರ್ತಾರೇನ್ರಿ?"

ಅಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಇರಬೇಕು. ಅವಳು ಯಾವುದೋ ಮನೆಯಲ್ಲಿ, ಅವನು ಕೆಲಸಗಾರರ ಶೆಡ್ಡಿನಲ್ಲಿ. ಹಾಗಾಗಿ ಕ್ಯಾಲೆಂಡರಿನಲ್ಲಿದ್ದ ಒಂದು ಸೇತುವೆಯನ್ನು ಗುರುತು ಮಾಡಿಕೊಂಡಿದ್ದರು. ರಜೆ ಸಿಕ್ಕ ದಿನ ಆ ಸೇತುವೆಯ ಎಡಗಡೆ, ಮೂರನೇ ದೀಪದ ಕಂಬದ ಕೆಳಗೆ ಭೇಟಿ. ಯಾರು ಮೊದಲು ಬಂದರೂ ಇನ್ನೊಬ್ಬರು ಬರುವವರೆಗೆ ಕಾಯಬೇಕು. ಟೀ ಕುಡಿಯಬಾರದು, ಟೀ ಅಲ್ಲಿ ದುಬಾರಿ. ಐದು ವರ್ಷ ಹೀಗೆ ಹಲ್ಲು ಕಚ್ಚಿದರೆ, ಹತ್ತು ಮನೆಗೆ ಒಂದೇ ಕಕ್ಕಸಿರುವ ಈ ವಠಾರ ಬಿಟ್ಟು ಸ್ವಂತ ಬಾಗಿಲಿನ ಒಂದು ಮನೆ ಮಾಡಬಹುದು. ಇಷ್ಟೇ ಅವರ ಆಸೆ. ಇದನ್ನು ದೊಡ್ಡ ಆಸೆ ಅನ್ನುವವರು ಒಂದು ತಿಂಗಳು ಆ ವಠಾರದಲ್ಲಿ ಇದ್ದು ನೋಡಲಿ.

ಎರಡನೇ ತಿಂಗಳಲ್ಲಿ ವೇಣು ಇನ್ನೊಂದು ಗಾಳ ಹಾಕಿದ. "ಐದು ಜನರನ್ನ ಸೇರಿಸಿದವರಿಗೆ ಫಸ್ಟ್ ಬ್ಯಾಚಲ್ಲೇ ವೀಸಾ. ನೀನೇ ಲೀಡರ್ರು."

ಹುಲಿಗೆವ್ವ ವಠಾರದ ಐದು ಹೆಂಗಸರನ್ನು ಸೇರಿಸಿದಳು. ಮೊದಲನೆಯವಳು ಶಿವಬಸಮ್ಮ. ಅವಳಿಗೆ ನಲವತ್ತೈದು ದಾಟಿತ್ತು, ಮೊಣಕಾಲು ನೋವಿತ್ತು, ಒಂದು ಹಾಸ್ಟೆಲಿನಲ್ಲಿ ಕಾಯಂ ಚಪಾತಿ ಕೆಲಸವಿತ್ತು. ಈ ವಯಸ್ಸಿನವಳನ್ನು ಸಿಂಗಾಪುರದವರು ಕರೆಸಿಕೊಳ್ಳುತ್ತಾರೆಯೆ ಎಂದು ಹುಲಿಗೆವ್ವ ವೇಣುವನ್ನು ಕೇಳಲಿಲ್ಲ. ಕೇಳಿದ್ದರೆ ಐದು ನಾಲ್ಕಾಗುತ್ತಿತ್ತು.

"ಪಗಾರ ಇಲ್ದ ಹ್ಯಾಂಗವಾ?" ಎಂದು ಶಿವಬಸಮ್ಮ ಅನುಮಾನಿಸಿದ್ದಳು.

"ಮುಯ್ಯಿ ಇದ್ದಂಗ ಐತಿ ಯಕ್ಕಾ. ನಮ್ಮೂರಾಗ ಮಾಡ್ತಿದ್ದಿಲ್ಲೇನು? ಹುಲಿಗೆಮ್ಮನಾಣಿ, ನಾ ಹೇಳತೀನಿ ಬಾ."

ಆ ಒಂದು ಮಾತಿಗೆ ಶಿವಬಸಮ್ಮ ಹಾಸ್ಟೆಲು ಬಿಟ್ಟಳು. ಕಲ್ಯಾಣಿ ಮೇಡಂ ಮನೆಯ ಎದುರು ಸಾಲಿನ ದೊಡ್ಡ ಮನೆಯೊಂದಕ್ಕೆ ವೇಣು ಅವಳನ್ನು ಹಾಕಿದ. ಉಳಿದ ನಾಲ್ವರು ಅದೇ ರಸ್ತೆಯಲ್ಲಿ ಹಂಚಿಹೋದರು.

ಒಂದು ಶನಿವಾರ ಹುಲಿಗೆವ್ವನ ಕೈಯಿಂದ ಗಾಜಿನ ಬಟ್ಟಲೊಂದು ಜಾರಿ ಒಡೆಯಿತು.

ಕಲ್ಯಾಣಿ ಮೇಡಂ ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ನಿನ್ನೆಯ ಇಡ್ಲಿಯನ್ನು ಬಿಸಿ ಮಾಡಿಯೇ ಕೊಡುತ್ತಿದ್ದರು. ಆದರೆ ಅದು ಅವರ ತಂಗಿ ತಂದುಕೊಟ್ಟ ಬಟ್ಟಲು. ಸಿಟ್ಟು ನೆತ್ತಿಗೇರಿತು.

"ತಿಂಗಳಾದ್ರೆ ಹದಿನೆಂಟು ನೂರು ಎಣಿಸ್ತೀನಿ. ಒಂದು ಬಟ್ಟಲು ನೆಟ್ಟಗೆ ತೊಳೆಯಕ್ಕಾಗಲ್ವಾ ನಿನಗೆ?"

"ಯಾರಿಗ್ರೀ ಅಮ್ಮಾರ?"

"ಯಾರಿಗೆ ಅಂದ್ರೆ? ನಿನಗೆ! ಒಂದನೇ ತಾರೀಕು ಬಂದು ಇಸ್ಕೊಂಡು ಹೋಗ್ತಾನಲ್ಲ ವೇಣು, ನಿನ್ನ ಸಂಬಳ."

"ನನಗ ಪಗಾರ ಇಲ್ರೀ. ನಂದು ಟ್ರೈನಿಂಗ್ರೀ."

ಮೇಡಂ ಮುಖ ಬಣ್ಣಗೆಟ್ಟಿತು. ಒಂದು ಗಳಿಗೆ ಅವರಿಗೂ ನಾಚಿಕೆಯಾದ ಹಾಗೆ ಕಂಡಿತು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ನೋಡು, ಅದು ನಿಂದೂ ಅವನದೂ ವ್ಯವಹಾರ. ನನ್ನ ಹೆಸರು ಮಾತ್ರ ಎತ್ತಬೇಡ. ಅವನು ಜನ ಕಳಿಸೋದು ನಿಲ್ಲಿಸಿದ್ರೆ ನನಗೆ ಕಷ್ಟ ಆಗುತ್ತೆ. ಸರಿ, ಪಾತ್ರೆ ಮುಗಿಸಿ ಹೋಗು."

ಹುಲಿಗೆವ್ವ ಪಾತ್ರೆ ಮುಗಿಸಿದಳು. ಬಿಟ್ಟಿ ಎಂದು ಗೊತ್ತಾದ ಮೇಲೂ ಕುಕ್ಕರಿನ ತಳ ತಿಕ್ಕಿದಳು, ಸಿಂಕು ಒರೆಸಿದಳು, ಚೂರಾದ ಗಾಜನ್ನು ಆರಿಸಿ ಪೇಪರಿನಲ್ಲಿ ಸುತ್ತಿಟ್ಟಳು. ಮುಂದೆ ಎಷ್ಟೋ ದಿನ ಅವಳನ್ನು ಸುಟ್ಟಿದ್ದು ವೇಣುವಿನ ಮೋಸಕ್ಕಿಂತ ಹೆಚ್ಚಾಗಿ ಆ ಅರ್ಧ ಗಂಟೆ. ಕೈ ಯಾಕೆ ನಿಲ್ಲಲಿಲ್ಲ?

ಮನೆಗೆ ಬಂದು ಹೊಳೆಪ್ಪನಿಗೆ ಹೇಳಿದಳು. ಅವನು ಸಿಟ್ಟಾಗುತ್ತಾನೆ, ವೇಣುವಿನ ಕೊರಳಪಟ್ಟಿ ಹಿಡಿಯುತ್ತಾನೆ ಅಂದುಕೊಂಡಿದ್ದಳು. ಹೊಳೆಪ್ಪ ತಟ್ಟೆ ನೋಡುತ್ತಾ ಕೂತ.

"ಏನರ ಅನ್ರಿ."

"ಚಿಕ್ಕಲಸಂದ್ರದ ಕಟ್ಟಡ ಐತಲ್ಲ, ಅದು ಟ್ರೈನಿಂಗ್ ಸೆಂಟರ್ ಅಲ್ಲ. ವೇಣೂಂದ ಸ್ವಂತ ಮನಿ," ಅಂದ ಹೊಳೆಪ್ಪ. "ಮೇಸ್ತ್ರಿ ಹೇಳಿದ. ತಿಂಗಳಾತು."

"ತಿಂಗಳಾತಾ? ನನಗ್ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ? ಹೆಲ್ಮೆಟ್ ಹಾಕ್ಕೊಂಡ ಫೋಟೋ ನಿನ್ನ ತವರಮನಿಗೆ ಕಳಿಸೀನಿ. ನಿಮ್ಮಪ್ಪ ಊರೆಲ್ಲಾ ತೋರಿಸ್ಯಾನ. ನಾಚಿಕಿ ಬಂತು." ದನಿ ತಗ್ಗಿಸಿ ಹೇಳಿದ, "ನೀನೂ ಸುಮ್ಕಿರು. ಪಾಸ್‌ಪೋರ್ಟ್ ಅವನ ಕೈಯಾಗ ಅದಾವ. ಇನ್ನೆರಡ ತಿಂಗಳ. ಯಾರಿಗೊತ್ತು, ಖರೇನ ಕಳಿಸಿದರ?"

ಖರೇನ ಕಳಿಸಿದರೆ? ಆ ಒಂದು ಮಾತಿಗೆ ಜೋತುಬಿದ್ದು ಹುಲಿಗೆವ್ವ ಎಂಟು ದಿನ ಬಾಯಿ ಮುಚ್ಚಿಕೊಂಡಳು. ಫಸ್ಟ್ ಬ್ಯಾಚು, ಲೀಡರ್ರು, ಮೂರನೇ ದೀಪದ ಕಂಬ. ದಿನಾ ಬೆಳಿಗ್ಗೆ ಶಿವಬಸಮ್ಮನ ಪಕ್ಕದಲ್ಲೇ ಜಯನಗರಕ್ಕೆ ನಡೆದಳು.

"ಸಿಂಗಾಪುರದಾಗ ಮೆಟ್ಟಲ ಕಡಿಮಿ ಇರ್ತಾವೇನ ಹುಲಿಗಿ? ಈ ಮನ್ಯಾಗ ಹತ್ತಿ ಇಳದು ಮೊಣಕಾಲ ಕಡದ ಹೋಗ್ಯಾವ."

"ಅಲ್ಲಿ ಲಿಫ್ಟ್ ಇರ್ತಾವ ಯಕ್ಕಾ."

ಹೇಳಿದಳು. ಹೇಳಿ, ಮುಖ ಆ ಕಡೆ ತಿರುಗಿಸಿಕೊಂಡು ಯಾವುದೋ ಅಂಗಡಿಯ ಬೋರ್ಡು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ಒಂಬತ್ತನೇ ದಿನ, ಭಾನುವಾರ ಮಧ್ಯಾಹ್ನ. ವಠಾರದ ನಲ್ಲಿಯ ಹತ್ತಿರ ಹೆಂಗಸರು ಕೊಡ ಸಾಲಿಗಿಟ್ಟು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ಶಿವಬಸಮ್ಮ ಒಬ್ಬ ಹುಡುಗಿಯ ಕೈ ಹಿಡಿದುಕೊಂಡು ಬಂದಳು. ಬೆಳಗಿನ ಬಸ್ಸಿಗೆ ಊರಿಂದ ಬಂದಿಳಿದವಳು. ಕೈಯಲ್ಲಿ ಬಟ್ಟೆಯ ಗಂಟು ಇನ್ನೂ ಹಾಗೇ ಇತ್ತು.

"ನಮ್ಮಕ್ಕನ ಮಗಳು, ಶ್ವೇತಾ. ಹತ್ತನೆತ್ತಾ ಫೇಲು. ನೀನ ಕರಕೊಂಡ್ ಹೋಗಿ ವೇಣು ಸಾಹೇಬ್ರಿಗೆ ಭೆಟ್ಟಿ ಮಾಡಸವಾ. ನಿನ್ನ ಮಾತ ಕೇಳತಾರ." ಆಮೇಲೆ ಹುಡುಗಿಯ ಕಡೆ ತಿರುಗಿ, "ನಮಸ್ಕಾರ ಮಾಡ ಅಕ್ಕಗ," ಅಂದಳು.

ಹುಡುಗಿ ಬಗ್ಗಿ ಹುಲಿಗೆವ್ವನ ಕಾಲು ಮುಟ್ಟಿದಳು. ಹುಲಿಗೆವ್ವ ಕೆಂಡ ತುಳಿದವಳ ಹಾಗೆ ಹಿಂದೆ ಸರಿದಳು.

"ಮುಟ್ಟಬ್ಯಾಡವಾ. ನನ್ನ ಕಾಲ ಮುಟ್ಟಬ್ಯಾಡ."

ಆಮೇಲೆ ನಲ್ಲಿಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಬಟ್ಟಲು ಒಡೆದದ್ದು, ಒಂದನೇ ತಾರೀಕಿಗೆ ವೇಣು ಬರುವುದು, ಪ್ರತಿ ಮನೆಯಲ್ಲೂ ಇವರೆಲ್ಲರ ಸಂಬಳ ಅವನ ಜೇಬಿಗೆ ಇಳಿಯುವುದು. ತುಂಬಿದ ಕೊಡದಿಂದ ನೀರು ಹೊರಗೆ ಹರಿಯುತ್ತಿದ್ದರೂ ಯಾರೂ ಎತ್ತಿಡಲಿಲ್ಲ.

"ನಿನಗ ಯಾವಾಗ ಗೊತ್ತಾತು?" ಎಂದು ಶಿವಬಸಮ್ಮ ಕೇಳಿದಳು.

ಇವತ್ತು ಅನ್ನಬಹುದಿತ್ತು. ಬಾಯಿಗೂ ಬಂತು. ಹುಲಿಗೆವ್ವ ಅದನ್ನು ನುಂಗಿದಳು.

"ಎಂಟ ದಿನಾತು ಯಕ್ಕಾ."

"ಎಂಟ ದಿನ ನನ್ನ ಸಂಗಾಟ ನಡದಿ. ಲಿಫ್ಟ್ ಅದಾವಂತ ಹೇಳಿದಿ." ಶಿವಬಸಮ್ಮ ದನಿ ಏರಿಸಲಿಲ್ಲ. "ಮುಯ್ಯಿ ಅಂದಿ. ಮುಯ್ಯಿ ಅಂದಿದ್ದಕ್ಕ ನಾ ಬಂದೆ. ಬ್ಯಾರೆ ಏನ ಅಂದಿದ್ರೂ ಬರ್ತಿದ್ದಿಲ್ಲ. ನೋಡು, ಎರಡ ತಿಂಗಳದ್ದು ವೇಣೂ ತಿಂದಾನ. ಈ ಎಂಟ ದಿನದ್ದು ತಿಂದಾಕಿ ನೀನು."

ಹುಲಿಗೆವ್ವನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಏನೋ ಠಣ್ಣೆಂದು ನೆಲಕ್ಕೆ ಬಿತ್ತು. ಚಿಕ್ಕಲಸಂದ್ರಕ್ಕೆ ಹೊರಟು ನಿಂತಿದ್ದ ಹೊಳೆಪ್ಪ ಹಳದಿ ಹೆಲ್ಮೆಟ್ಟನ್ನು ಒಗೆದಿದ್ದ.

"ಆಕಿ ಒಬ್ಬಾಕಿನ್ನ ಅನಬ್ಯಾಡ್ರಿ," ಅಂದ. "ನನಗ ಆಕಿಗಿಂತಾ ಮೊದಲ ಗೊತ್ತಿತ್ತು. ಸುಮ್ಕಿರು ಅಂದಾಂವ ನಾನು."

ಒಬ್ಬಳು ಅಳತೊಡಗಿದಳು. ಇನ್ನೊಬ್ಬಳು ವೇಣುವಿನ ಏಳು ಜನ್ಮ ಜಾಲಾಡಿದಳು. ಪಾಸ್‌ಪೋರ್ಟ್ ಹೋದರೆ ಹೋಗಲಿ ಅಂದಳು ಮತ್ತೊಬ್ಬಳು. ಅದರಲ್ಲಿರುವ ಫೋಟೋ ಹೇಗೂ ಚೆನ್ನಾಗಿಲ್ಲವಂತೆ. ಅದಕ್ಕೆ ಅಳುತ್ತಿದ್ದವಳೂ ನಕ್ಕುಬಿಟ್ಟಳು. ಶಿವಬಸಮ್ಮ ಮಾತ್ರ ನಗಲಿಲ್ಲ. ಮೊಣಕಾಲ ಮೇಲೆ ಕೈ ಊರಿ ಎದ್ದು ನಿಂತಳು.

"ನಾಳೆ ಎಲ್ಲಾರೂ ಹೋಗೋಣು. ಆಫೀಸಿಗಲ್ಲ, ಅಂವ ಕೀಲಿ ಹಾಕ್ಕೊಂಡ್ ಓಡತಾನ. ಆ ಮನಿಗೋಳಿಗೆ ಹೋಗೋಣು. ಮಾತಾಡಾಕಿ ನೀನು, ಹುಲಿಗಿ."

ಸೋಮವಾರ ಏಳು ಗಂಟೆಗೆ ಆರು ಹೆಂಗಸರು ಮತ್ತು ಹೊಳೆಪ್ಪ ಕಲ್ಯಾಣಿ ಮೇಡಂ ಗೇಟಿನ ಮುಂದೆ ನಿಂತಿದ್ದರು. ಹುಲಿಗೆವ್ವನಿಗೆ ಓಡಿಹೋಗಲೆ ಅನ್ನಿಸುತ್ತಿತ್ತು. ಮೇಡಂ ಹಾಲಿನ ಪ್ಯಾಕೆಟ್ಟಿಗೆ ಬಂದವರು ಗುಂಪು ನೋಡಿ ಗಾಬರಿಯಾದರು.

"ಏನಿದು? ಲೇಟಾಯ್ತು, ಒಳಗೆ ಬಾ."

"ಬರಂಗಿಲ್ರೀ ಅಮ್ಮಾರ. ನಂದು ಟ್ರೈನಿಂಗ್ ಮುಗೀತು."

"ವೇಣು ಏನೂ ಹೇಳಿಲ್ಲ..."

"ನಾನ ಹೇಳಾಕತ್ತೀನಿ. ನಾಕ ತಿಂಗಳ ಪಗಾರ ನನ್ನ ಕೈಗೆ ಬಂದಿಲ್ಲ. ಇಸ್ಕೊಂಡಾಂವ ವೇಣು, ಕೊಟ್ಟಾವ್ರು ನೀವು. ಪೊಲೀಸ್ ಸ್ಟೇಷನ್ನಿಗೆ ಬಂದು ಅವನ ಕೈಗೆ ಕೊಟ್ಟೀನಿ ಅಂತ ಹೇಳ್ರಿ. ಅಷ್ಟ ಸಾಕು."

"ಪೊಲೀಸಾ?" ಮೇಡಂ ಅಕ್ಕಪಕ್ಕ ನೋಡಿದರು. ಪಕ್ಕದ ಮನೆಯ ಮಹಡಿಯಲ್ಲಿ ಯಾರೋ ಪೇಪರು ಕೆಳಗಿಳಿಸಿ ನೋಡುತ್ತಿದ್ದರು. "ರೋಡಲ್ಲಿ ನಿಂತು ಇದೆಲ್ಲ ಮಾತಾಡ್ತಾರಾ? ನಮಗೆ ಮಾನ ಮರ್ಯಾದೆ ಇದೆ ಕಣೆ. ಎಲ್ಲರೂ ನೋಡ್ತಿದ್ದಾರೆ, ಒಳಗೆ ಬಾ ಅಂದೆ!"

"ನೋಡ್ಲಿ ಬಿಡ್ರಿ." ಹುಲಿಗೆವ್ವನ ದನಿ ರಸ್ತೆಯ ಆ ತುದಿಗೆ ಕೇಳುವಷ್ಟು ಏರಿತ್ತು. "ಬಿಟ್ಟಿ ದುಡದ ನಾಚಿಕಿ ನಂದಂತ ನಾ ತಲಿ ಕೆಳಗ ಹಾಕ್ಕೊಂಡ್ ಅಡ್ಡಾಡಿದೆ. ನಮ್ಮಾವ್ರ ಮುಂದೂ ಸುಳ್ಳ ಹೇಳಿದೆ. ಅದು ನಂದೊಬ್ಬಾಕೀದಲ್ಲರೀ ಅಮ್ಮಾರ. ಗೊತ್ತಾದ ಮ್ಯಾಲೂ ಪಾತ್ರಿ ಮುಗಿಸಿ ಹೋಗಂದ್ರಿ. ನಿಮ್ಮ ಪಾಲ ನೀವು ತಗೋರಿ."

ಮೇಡಂ ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಹಾಲಿನ ಪ್ಯಾಕೆಟ್ಟು ಕೈಯಲ್ಲೇ ಇತ್ತು. ಎದುರು ಸಾಲಿನ ದೊಡ್ಡ ಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಹೆಂಗಸು ಮೆಲ್ಲಗೆ ಒಳಗೆ ಸರಿದು ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ರಸ್ತೆಗೆಲ್ಲ ಕೇಳಿಸಿತು.

ಶಿವಬಸಮ್ಮ ಕುಂಟುತ್ತಾ ರಸ್ತೆ ದಾಟಿದಳು. ಗೇಟು ತೆಗೆದು ಒಳಗೆ ಹೋಗಿ, ಎರಡು ತಿಂಗಳು ದಿನಾ ಒರೆಸಿದ ಮೆಟ್ಟಿಲುಗಳನ್ನು ಚಪ್ಪಲಿ ಕಾಲಿನಲ್ಲೇ ಹತ್ತಿ, ಆ ಮನೆಯ ಬೆಲ್ಲು ಒತ್ತಿದಳು. ಒತ್ತಿದ ಬೆರಳು ತೆಗೆಯಲಿಲ್ಲ.