ಹೆಂಡತಿ ಎಂಬ ಪದದ ಅರ್ಥ

"ಗಂಡನ್ನ ಬಚ್ಚಿಟ್ಟ ಹೆಂಡ್ತೀನ ಜೈಲಿಗೆ ಹಾಕಲ್ಲ ಅಂತ ನೀವೇ ಅಲ್ವಾ ಮೇಷ್ಟ್ರೇ ಪಾಠ ಮಾಡೋದು?" ಮೂಲಂಗಿ ಹೆಚ್ಚುತ್ತ ಹೇರಾನ್ ಕೇಳಿದಳು.

"ಕಾನೂನಲ್ಲಿ ಹಾಗಿದೆ," ಎಂದ ಮುನ್‌ಹೋ.

ಅದು ಸುಳ್ಳಲ್ಲ. ಅಪರಾಧಿಯನ್ನು ಅಡಗಿಸಿದವರಿಗೆ ಶಿಕ್ಷೆ, ಮನೆಯವರಿಗೆ ವಿನಾಯಿತಿ. ಆದರೆ ಹೆಂಡತಿಯೆಂದರೆ ಕಚೇರಿಯಲ್ಲಿ ನೋಂದಣಿಯಾದ ಹೆಂಡತಿ. ಕೊರಿಯಾದ ಇಂಚೆನ್‌ನ ಕಾನೂನು ಕಾಲೇಜಿನಲ್ಲಿ ಪ್ರತಿವರ್ಷ ಇದನ್ನು ಕಲಿಸುತ್ತಿದ್ದವನು ತನ್ನ ಮದುವೆಯ ನೋಂದಣಿಯನ್ನು ನಾಳೆ ನಾಳೆ ಎಂದೇ ತಳ್ಳುತ್ತ ಬಂದಿದ್ದ. ಏನವಸರ ಎಂಬ ಅಸಡ್ಡೆ. ಹೇರಾನ್ ಮಾತ್ರ ಅದು ಎಂದೋ ಆಗಿದೆ ಎಂದುಕೊಂಡಿದ್ದಳು.

ಮೊನ್ನೆ ಸಂಜೆ, ರಟ್ಟು ಆಯುವ ಮುದುಕಿಯೊಬ್ಬಳ ಕೈಗಾಡಿಗೆ ಅವನ ಕಾರು ಗುದ್ದಿತ್ತು. ಅವನು ನಿಲ್ಲಿಸಿರಲಿಲ್ಲ. ಮರುದಿನ ಬೆಳಗಿನ ಸುದ್ದಿಯ ಹೊತ್ತಿಗೆ ಮುದುಕಿ ಸತ್ತಿದ್ದಳು.

"ಮುಖ ಯಾಕೆ ಹಾಗೆ?" ಅವಳು ನಕ್ಕಳು. "ಮದುವೇಲಿ ಮುನ್ನೂರು ಜನ ನೂಡಲ್ಸ್ ಹೀರಿ ಹೋಗಿದಾರೆ. ನಿಮ್ಮಮ್ಮನೇ ಮೂರು ಬಟ್ಟಲು ಇಳಿಸಿದ್ರು. ಇನ್ಯಾವ ಸಾಕ್ಷಿ ಬೇಕು?"

ನೋಂದಣಿ ಆಗಿಲ್ಲವೆಂದು ಹೇಳಿಬಿಡಬೇಕು. ಹೇಳಿದರೆ ಅವಳು ಪಾರಾಗುತ್ತಾಳೆ, ತಾನು ಸಿಕ್ಕಿಬೀಳಬೇಕಾಗುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ನಾಚಿಕೆಯಾಗುವಷ್ಟು ಸಮಾಧಾನವಾಯಿತು ಅವನಿಗೆ.

ಅವಳು ಅವನನ್ನು ಹಿಂಬದಿಯ ಬಾಲ್ಕನಿಗೆ, ಉಪ್ಪಿನಕಾಯಿಯಂಥ ಕಿಮ್ಚಿ ಇಡುವ ಫ್ರಿಜ್ಜಿನ ಮರೆಗೆ ದೂಡಿದಳು. "ತುಟಿ ಪಿಟಕ್ಕನ್ಬೇಡಿ." ಗಾಜಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.

"ಮುನ್‌ಹೋ ಅವ್ರು ಇದಾರಾ?" ಪೊಲೀಸನ ದನಿ.

"ಇಲ್ಲ. ಎರಡು ದಿನದಿಂದ ಪತ್ತೇನೇ ಇಲ್ಲ."

"ನೀವು ಅವ್ರಿಗೆ ಏನಾಗ್ಬೇಕು?"

"ಹೆಂಡ್ತಿ."

ಆ ದನಿಯ ಧೈರ್ಯ ಕೇಳಿ ಮುನ್‌ಹೋ ಫ್ರಿಜ್ಜಿನ ಹಿಂದೆ ಇನ್ನಷ್ಟು ಮುದುಡಿ ಕೂತ.

"ಅವ್ರಿಗೆ ಮದುವೇನೇ ಆಗಿಲ್ಲ ಅಂತಿದೆಯಲ್ಲಮ್ಮ ನಮ್ಮ ದಾಖಲೇಲಿ. ಠಾಣೆಗೆ ಬಂದು ಹೇಳಿಕೆ ಕೊಡಿ."

"ನಿಮ್ಮಲ್ಲೇ ಏನೋ ತಪ್ಪಾಗಿರ್ಬೇಕು. ನಡೀರಿ, ಅದನ್ನೇ ಬಂದು ಹೇಳ್ತೀನಿ."

ಕೋಟು ತೊಟ್ಟು ಹೊರಟವಳು ಗಾಜಿನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಜಾಣೆ. ಹೊರಬಾಗಿಲು ಮುಚ್ಚಿತು.

ಹನ್ನೊಂದನೆಯ ಮಹಡಿ. ಜನವರಿಯ ಚಳಿ ಮೂಳೆಗೆ ಇಳಿಯಿತು. ಗಾಜಿಗೆ ಬಡಿಯಲು ಕೈ ಎತ್ತಿದ. ಲಿಫ್ಟು ಇನ್ನೂ ಬಂದಿರಲಿಕ್ಕಿಲ್ಲ, ಕೂಗಿದರೆ ಕೇಳಿಸುತ್ತದೆ. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

"ನೀನು ನನ್ನ ಹೆಂಡ್ತಿ ಅಲ್ಲ ಹೇರಾನ್," ಎಂದು ಕೊನೆಗೂ ಗಾಜಿಗೆ ಬಾಯಿ ತಾಗಿಸಿ ಪಿಸುಗುಟ್ಟಿದ. ಉಸಿರಿಗೆ ಗಾಜು ಮಸುಕಾಗಿ ಮನೆ ಕಾಣದಾಯಿತು.

ಒಳಗೆ ಯಾರೂ ಇಲ್ಲದ ಅಡುಗೆಮನೆಯಲ್ಲಿ ಮಾತಾಡುವ ವಿದ್ಯುತ್ ಕುಕ್ಕರು ಮುದ್ದಾದ ಹೆಣ್ಣುದನಿಯಲ್ಲಿ ಹೇಳಿತು: ಅನ್ನ ಆಗಿದೆ, ಬಂದು ಊಟ ಮಾಡಿ.