ಮಣ್ಣಲ್ಲಿ ಸಿಕ್ಕಿದ್ದು

ಗಂಡನ ಎರಡೂ ಕಾಲಿನ ಹೆಬ್ಬೆರಳು ಸೇರಿಸಿ ಬಟ್ಟೆಯ ಚೂರಿನಿಂದ ಗಂಟು ಹಾಕುತ್ತಿದ್ದ ಲಿಂಗಮ್ಮ, ಗೇಟಿನ ಕಡೆಯಿಂದ ಎದ್ದ ಅಳುವಿಗೆ ಗಂಟನ್ನು ಅರ್ಧಕ್ಕೇ ಬಿಟ್ಟು ತಲೆ ಎತ್ತಿದಳು. ಅಂಥಾ ಅಳು ಬೆಳಗಿನಿಂದ ಆ ಮನೆಯಲ್ಲಿ ಯಾರೂ ಅತ್ತಿರಲಿಲ್ಲ. ಮಗಳು ಲತಾ ಅತ್ತಿದ್ದಳು, ಕರ್ಚೀಫಿನೊಳಗೆ. ಮೈದುನ ಮುನಿವೆಂಕಟಪ್ಪ ಹೆಗ್ಗನಹಳ್ಳಿಯಿಂದ ಬಂದವನೇ ಬಾಗಿಲಲ್ಲಿ ನಿಂತು ಎರಡು ಸಲ ‘ಅಣ್ಣಾ’ ಅಂದು, ಶಾಮಿಯಾನದವನಿಗೆ ಫೋನ್ ಮಾಡಲು ಹೊರಗೆ ಹೋಗಿದ್ದ. ಲಿಂಗಮ್ಮನಂತೂ ಅತ್ತೇ ಇರಲಿಲ್ಲ. ಅಳು ಗಂಟಲವರೆಗೆ ಬರುತ್ತಿತ್ತು, ಅಷ್ಟರಲ್ಲಿ ಯಾರಾದರೂ ಬಂದು ‘ಒಂದ್ ಗುಟುಕು ಕಾಫಿ ಕುಡೀರಿ’ ಅನ್ನುತ್ತಿದ್ದರು, ಬಂದಿದ್ದು ವಾಪಸ್ ಹೋಗುತ್ತಿತ್ತು.

ಈಗ ಬಂದ ಅಳುವಿಗೆ ರಾಗವಿತ್ತು, ಮಾತಿತ್ತು.

“ಏಳ್ರೀ ನಮ್ಮಪ್ಪಾ... ಎದ್ದ ಕುಂಡ್ರೀ... ಇದು ಹಳೇದೋ ಹೊಸಾದೋ ಅಂತ ಇನ್ನ ನನ್ನ ಯಾರ್ ಕೇಳ್ತಾರೋ...”

ಶ್ರೀಗಂಧದ ಕಾವಲಿನ ಆ ರಸ್ತೆಯ ಅಷ್ಟೂ ಮನೆಯವರು ಬಾಗಿಲಿಗೆ ಬಂದರು. ಒಳಗೆ ಬಂದವಳು ಐವತ್ತರ ಆಸುಪಾಸಿನ ಹೆಂಗಸು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ನೇರವಾಗಿ ಹೋಗಿ ಹೆಣದ ತಲೆಯ ಹತ್ತಿರವೇ ಕೂತು ಹಣೆ ಚಚ್ಚಿಕೊಂಡಳು.

“ಯಾರಮ್ಮ ಅದು? ನಿಮ್ಮಪ್ಪಾಜಿ ತಂಗೀನಾ?” ಎದುರು ಮನೆಯ ಆಂಟಿ ಲತಾಳ ಕಿವಿಯಲ್ಲಿ ಕೇಳಿದರು. “ಪಾಪ, ಎಷ್ಟು ಹಚ್ಕೊಂಡಿದ್ರೋ ಏನೋ.”

ಪಿಸುಮಾತು ಲಿಂಗಮ್ಮನಿಗೂ ಕೇಳಿತು. ಕಾಲಿನ ಕಡೆ ತಾನು, ತಲೆಯ ಕಡೆ ಅವಳು! ಬಂದಳಾ ತಾಯಿ, ಬರದೆ ಇರ್ತಾಳಾ ಅಂದುಕೊಂಡು ಹೆಬ್ಬೆರಳಿನ ಗಂಟನ್ನು ಎಷ್ಟು ಬಿಗಿಯಾಗಿ ಎಳೆದಳೆಂದರೆ ಬಟ್ಟೆಯೇ ಹರಿಯಿತು. ಇನ್ನೊಂದು ಚೂರು ಹುಡುಕಬೇಕಾಯಿತು.

ಬಂದವಳ ಹೆಸರು ಕಸ್ತೂರೆವ್ವ. ಬಾಗಲಕೋಟೆ ಕಡೆಯವಳು, ಸುಂಕದಕಟ್ಟೆಯ ರಸ್ತೆ ಬದಿಯಲ್ಲಿ ಒರಳು, ಬೀಸುಕಲ್ಲು ಕುಟ್ಟಿ ಮಾರುವವಳು. ಇವಳನ್ನು ಕಂಡರೆ ಲಿಂಗಮ್ಮನಿಗೆ ಒಂಬತ್ತು ವರ್ಷದಿಂದ ಹೊಟ್ಟೆಕಿಚ್ಚು.

*

ಗಂಡ ದೊಡ್ಡಹನುಮಯ್ಯನಿಗೆ ಮ್ಯೂಸಿಯಂನಲ್ಲಿ ಕೆಲಸ. ಕೆಲಸವೆಂದರೆ ಕಲ್ಲು ನೋಡುವುದು. ಬೇಸಾಯ, ಮಡಕೆ, ಕಬ್ಬಿಣ ಒಂದೂ ಇಲ್ಲದ ಕಾಲದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ತಿಂದು ಬದುಕಿದ ಜನ ಬಿಟ್ಟುಹೋದ ಕಲ್ಲಿನ ಆಯುಧಗಳು. ಕೈಗೊಡಲಿ ಅನ್ನುತ್ತಿದ್ದ. ಲಿಂಗಮ್ಮನ ಕಣ್ಣಿಗೆ ಅವು ಬಚ್ಚಲಲ್ಲಿ ಹಿಮ್ಮಡಿ ಉಜ್ಜುವ ಕಲ್ಲುಗಳು. ಜನ ಎಲ್ಲೆಲ್ಲಿಂದಲೋ ‘ಲಕ್ಷ ವರ್ಷದ್ದು ಸಾರ್’ ಅಂತ ತಂದುಕೊಡುತ್ತಿದ್ದರು. ಯಾವುದು ನಿಜ, ಯಾವುದು ಮೊನ್ನೆ ಮಾಡಿದ್ದು ಅಂತ ಇವನು ಹೇಳಬೇಕು. ಬಾಲ್ಕನಿಯಲ್ಲಿ ಕೂತು ಬಿಸಿಲಿಗೆ ಹಿಡಿಯುತ್ತಿದ್ದ, ತಿರುಗಿಸುತ್ತಿದ್ದ, ಕೊನೆಗೆ ನಾಲಿಗೆ ಚಾಚಿ ನೆಕ್ಕುತ್ತಿದ್ದ.

“ಥೂ, ಏನ್ರೀ ಅದು ಅಸಹ್ಯ!”

“ಹಳೇ ಬಣ್ಣಾನೋ ಮೆತ್ತಿದ್ದೋ ನಾಲ್ಗೆಗೆ ಗೊತ್ತಾಗುತ್ತೆ ಕಣೇ.”

ಅದೇ ನಾಲಿಗೆ ಮೂವತ್ತು ಚಿಲ್ಲರೆ ವರ್ಷ ಲಿಂಗಮ್ಮನ ಸಾರು ಉಂಡಿತ್ತು. ಉಪ್ಪು ಜಾಸ್ತಿ ಅಂದಿರಲಿಲ್ಲ, ಚೆನ್ನಾಗಿದೆ ಅಂತಲೂ ಅಂದಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅವನ ನೋಟ್‌ಬುಕ್ಕಿನಲ್ಲಿ ‘ಕ. ಹೇಳಿದ್ದು’ ಅಂತ ಶುರುವಾಯಿತು. ಪುಟ ತಿರುಗಿಸಿದರೆ ಕ. ಹೇಳಿದ್ದು, ಮತ್ತೆ ತಿರುಗಿಸಿದರೆ ಕ. ಹೇಳಿದ್ದು. ಯಾರಿವಳು ಕ? ಒಂದು ಶನಿವಾರ ಬೆಳಿಗ್ಗೆ ಲಿಂಗಮ್ಮ ಹಿಟ್ಟಿನ ಗಿರಣಿಯ ನೆಪ ಹೇಳಿ, ರಾಗಿ ಡಬ್ಬಿ ಸಮೇತ ಗಂಡನ ಹಿಂದೆಯೇ ಸುಂಕದಕಟ್ಟೆಗೆ ಹೋದಳು. ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ನಿಂತಳು.

ದೊಡ್ಡಹನುಮಯ್ಯ ಗೋಣಿಚೀಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಇಸ್ತ್ರಿ ಪ್ಯಾಂಟಿನ ತುಂಬಾ ಕಲ್ಲಿನ ಪುಡಿ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೊಡೆಯಲು ಹೋಗಿ ಬೆರಳು ಜಜ್ಜಿಕೊಂಡ. ಆ ಹೆಂಗಸು ನಕ್ಕಳು.

“ಹಂಗಲ್ರೀ ಸರ. ಕಲ್ಲಿನ ಜೋಡಿ ಜಗಳಾ ತಗೀಬ್ಯಾಡ್ರಿ. ಎಲ್ಲಿ ಬಿರೀತೀನಿ ಅಂತ ಅದ ಹೇಳ್ತೈತಿ.”

“ಎಲ್ಲಿ ಹೇಳುತ್ತೆ? ಇನ್ನೊಂದ್ಸಲ ತೋರ್ಸಿ. ಇಲ್ಲೇ ಯಾಕೆ? ಆ ಕಡೆ ಯಾಕಲ್ಲ?”

ಯಾಕೆ! ಆ ಒಂದು ಮಾತು ಲಿಂಗಮ್ಮನ ಎದೆಗೆ ಹೋಗಿ ನಾಟಿತು. ಮದುವೆಯಾದಾಗಿನಿಂದ ಅವನು ಅವಳನ್ನು ಕೇಳಿದ್ದು ‘ಕೀ ಎಲ್ಲಿ’, ‘ಹಾಲಿನೋನು ಬಂದ್ನಾ’ ಇಷ್ಟೇ. ಯಾಕೆ ಅಂತ ಒಂದು ದಿನವಾದರೂ ಕೇಳಿದ್ದನೇ? ಅವಳು ಮುದ್ದೆಗೆ ಮೊದಲು ಒಂದು ಹಿಡಿ ಹಿಟ್ಟು ನೀರಿಗೆ ಹಾಕುವುದು ಯಾಕೆ, ಅಮಾವಾಸ್ಯೆ ದಿನ ಮೌನವಾಗಿರುವುದು ಯಾಕೆ, ಯಾವುದನ್ನೂ ಕೇಳಿರಲಿಲ್ಲ. ಇವರಿಬ್ಬರು ಅಪ್ಪಿಕೊಂಡು ಕೂತಿದ್ದರೆ ಎಷ್ಟೋ ವಾಸಿ, ಚಪ್ಪಲಿ ಕೈಗೆ ತೆಗೆದುಕೊಂಡು ರಸ್ತೆ ಸೇರುವ ಹಾಗೆ ಕೂಗಬಹುದಿತ್ತು. ಗಂಡ ಒಬ್ಬ ಹೆಂಗಸಿನ ಮಾತನ್ನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದಾನೆ ಅಂತ ಹೇಗೆ ಕೂಗುವುದು? ಯಾರು ಬರುತ್ತಾರೆ ನ್ಯಾಯಕ್ಕೆ? ಅವಳು ಗಿರಣಿಗೆ ಹೋಗಿ, ನಿಜವಾಗಿಯೂ ರಾಗಿ ಬೀಸಿಸಿಕೊಂಡು ಮನೆಗೆ ಬಂದಳು.

ಅದಾಗಿ ಐದು ವರ್ಷಕ್ಕೆ ಅವನ ಪುಸ್ತಕ ಅಚ್ಚಾಯಿತು. ಮೊದಲ ಪುಟದಲ್ಲಿ ‘ಕಲ್ಲನ್ನು ಕೇಳಿಸಿಕೊಳ್ಳಲು ಕಲಿಸಿದ ಕಸ್ತೂರೆವ್ವನವರಿಗೆ’ ಅಂತಿತ್ತು. ಲಿಂಗಮ್ಮ ಆ ಪುಸ್ತಕವನ್ನು ಕುಕ್ಕರಿನ ಕೆಳಗೆ ಇಟ್ಟಳು. ಮರುದಿನ ಅವನು ಅದನ್ನು ಒರೆಸಿ ಕಪಾಟಿನಲ್ಲಿಟ್ಟ, ಯಾಕೆ ಅಂತ ಆಗಲೂ ಕೇಳಲಿಲ್ಲ.

*

“ಗೊತ್ತೇನ್ರೀ ನಿಮಗೆ, ನಮ್ ಸಾರ್ ಒಬ್ಬರೇ ನಲವತ್ತು ನಕಲಿ ಕೈಗೊಡಲಿ ಹಿಡಿದುಹಾಕಿದ್ರು!” ಶಾಮಿಯಾನದ ಕೆಳಗೆ ಶಂಭುಲಿಂಗಪ್ಪ ಜೋರಾಗಿ ಹೇಳುತ್ತಿದ್ದ. ದೊಡ್ಡಹನುಮಯ್ಯನ ಕೈಕೆಳಗೆ ಇಪ್ಪತ್ತು ವರ್ಷ ಕೆಲಸ ಮಾಡಿದವನು. “ಕೆಂಗೇರಿ ಆಚೆ ಒಬ್ಬ ರೆಸಾರ್ಟ್‌ನೋನು, ಐದು ಊರಿಂದ ಕಲೆಕ್ಟ್ ಮಾಡಿದ್ದು, ಎರಡು ಲಕ್ಷ ವರ್ಷದ್ದು ಅಂತ ಪ್ರೈವೇಟ್ ಮ್ಯೂಸಿಯಂ ಓಪನ್ ಮಾಡೋಕೆ ರೆಡಿಯಾಗಿದ್ದ. ಮಿನಿಸ್ಟ್ರು ಡೇಟ್ ಕೊಟ್ಟಾಗಿತ್ತು. ದೊಡ್ಡ ದೊಡ್ಡ ಪ್ರೊಫೆಸರ್‌ಗಳೇ ತಲೆ ಆಡಿಸಿದ್ರು. ನಮ್ ಸಾರ್ ಮಾತ್ರ ಸೈನ್ ಹಾಕಲ್ಲ ಅಂದ್ರು.”

“ಆಮೇಲೆ?” ಮುನಿವೆಂಕಟಪ್ಪ ಕೇಳಿದ. ಅಣ್ಣ ಇಷ್ಟೆಲ್ಲ ಮಾಡಿದವನು ಅಂತ ಅವನಿಗೂ ಗೊತ್ತಿರಲಿಲ್ಲ.

“ಆಮೇಲೇನು, ಕಲ್ಲುಗಳನ್ನೆಲ್ಲ ಈ ಅಮ್ಮನ ಹತ್ರ ತಗೊಂಡ್ ಹೋದ್ರು. ಒಂದೊಂದನ್ನೇ ಮುಟ್ಟಿ ನೋಡಿ... ಏನಂದ್ರಿ ಅಮ್ಮ ಅವತ್ತು, ನೀವೇ ಹೇಳಿ.”

ಒಳಗೆ ಬಾಗಿಲಿನ ನೇರಕ್ಕೆ ಕೂತಿದ್ದ ಕಸ್ತೂರೆವ್ವ ಮೂಗು ಒರೆಸಿಕೊಂಡಳು. “ಏನೈತ್ರಿ ಅದರಾಗ. ನಲವತ್ತೂ ಒಬ್ಬಂದ ಕೈ, ಅದೂ ಎಡಗೈ. ಉಕ್ಕಿನ ಸುತ್ತಿಗಿ ಏಟು. ಬಣ್ಣಾ ಬರ್ಲಿ ಅಂತ ಚಹಾದಾಗ ಕುದಿಸಿದ್ರು, ನಾಲಿಗಿಗೆ ಹತ್ತೀದ್ ಕೂಡ್ಲೆ ಗೊತ್ತಾತು. ನಾ ಹೇಳಿದ್ದನ್ನ ಸರ ಹಂಗ ಬರಕೊಂಡ್ರು.”

“ಬರ್ಕೊಂಡು, ರಿಪೋರ್ಟ್‌ನಲ್ಲಿ ಇವರ ಹೆಸರನ್ನೇ ಹಾಕಿದ್ರು ಸ್ವಾಮಿ! ಆಫೀಸ್ನಲ್ಲಿ ಎಲ್ರೂ ನಕ್ರು. ಒಂದು ವಾರಕ್ಕೆ ಆ ಎಡಚ ಸಿಕ್ಕೇಬಿಟ್ಟ.”

ಜನ ಹೋ ಅಂದರು. ಮುನಿವೆಂಕಟಪ್ಪ ಎದ್ದು, ತಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಒಳಗೆ ತಂದು ಕಸ್ತೂರೆವ್ವನ ಹತ್ತಿರ ಇಟ್ಟ. ‘ಮೇಲೆ ಕೂತ್ಕೊಳಮ್ಮ’ ಅಂದ. ಲಿಂಗಮ್ಮ ನೆಲದ ಮೇಲೆ ಚಾಪೆಯಲ್ಲಿದ್ದಳು. ಆ ದಿನ ಗಂಡ ಮನೆಗೆ ಬಂದಿದ್ದು ಅವಳಿಗೆ ನೆನಪಿತ್ತು. ‘ಇವತ್ತೊಂದು ಕೆಲಸ ಆಯ್ತು’ ಅಂದಿದ್ದ, ಒಂದು ಮುದ್ದೆ ಜಾಸ್ತಿ ಉಂಡಿದ್ದ. ಏನು ಕೆಲಸ ಅಂತ ತಿಳಿಯಲು ಅವಳಿಗೆ ಅವನ ಹೆಣದ ಪಕ್ಕ ಕೂರಬೇಕಾಯಿತು.

ಕಸ್ತೂರೆವ್ವ ಕುರ್ಚಿಯಲ್ಲಿ ಕೂರಲಿಲ್ಲ. ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ಅಂಗೈಯಷ್ಟು ದೊಡ್ಡ ಕೈಗೊಡಲಿ ಇತ್ತು.

“ಇದು ನಾ ಮಾಡಿದ್ರಿ. ಹೋದ ತಿಂಗಳ ನೋಡಿ, ‘ಇದನ್ನ ನಾನೂ ಕಂಡುಹಿಡಿಯಾಕ ಆಗಲ್ಲ ಕಸ್ತೂರೆವ್ವ’ ಅಂದಿದ್ರು. ಅವರ ಕೈಯಾಗ ಇಟ್ಟ ಕಳಸ್ಲಿ ಏನ್ರಿ?”

“ಇಡಮ್ಮ, ಧಾರಾಳವಾಗಿ ಇಡು. ಗುಂಡೀಲಿ ಇಳಿಸಿದ್ಮೇಲೆ ನೀನೇ ಇಡು,” ಅಂದ ಮುನಿವೆಂಕಟಪ್ಪ. ಅತ್ತಿಗೆಯನ್ನು ಒಂದು ಮಾತು ಕೇಳಲಿಲ್ಲ.

ಲಿಂಗಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಲ್ಲಿ ಬೇಡ. ಅಲ್ಲಿ ಹೇಳ್ತೀನಿ, ಎಲ್ಲರ ಮುಂದೆ. ಅವಳ ಹತ್ತಿರ ಒಂದು ಮಾತಿತ್ತು, ಅದು ಅವಳೊಬ್ಬಳಿಗೇ ಗೊತ್ತಿದ್ದ ಮಾತು.

*

ಹನ್ನೆರಡು ವರ್ಷದ ಹಿಂದೆ ಅತ್ತೆಯನ್ನು ಮಣ್ಣು ಮಾಡಿದಾಗ ಮುನಿವೆಂಕಟಪ್ಪ ಮುದುಕಿಯ ಎಲೆಅಡಿಕೆ ಚೀಲ, ಕನ್ನಡಕ, ಟಾರ್ಚು ಎಲ್ಲ ಗುಂಡಿಗೆ ಹಾಕಿದ್ದ. ವಾಪಸ್ ಬರುವಾಗ ಸ್ಕೂಟರಿನಲ್ಲಿ ದೊಡ್ಡಹನುಮಯ್ಯ ಇದ್ದಕ್ಕಿದ್ದಂತೆ ಮಾತಾಡಿದ.

“ನಾನು ಹೋದಾಗ ಏನೂ ಹಾಕಬೇಡಿ ಕಣೇ. ಒಂದು ಗುಂಡುಸೂಜೀನೂ ಬೇಡ. ಮಣ್ಣಲ್ಲಿ ಸಿಕ್ಕಿದ್ದೇ ನಿಜ ಅಂತಾರೆ ಜನ. ಮುಂದೆ ಯಾವನೋ ಅಗೀತಾನೆ, ಏನು ಸಿಗುತ್ತೋ ಅದೇ ಈ ಮನುಷ್ಯ ಅಂತ ಬರ್ಕೋತಾನೆ. ಪಾಪ, ಅವನಿಗೆ ಮೋಸ ಆಗಬಾರ್ದು.”

ಗಾಳಿಗೆ ಅರ್ಧ ಹಾರಿಹೋಗಿ ಅರ್ಧ ಕೇಳಿತ್ತು. ಅವನ ಕೆಲಸದ ವಿಷಯ ಅವಳ ಹತ್ತಿರ ಅಷ್ಟುದ್ದ ಮಾತಾಡಿದ್ದು ಅದೊಂದೇ ಸಲ. ಲಿಂಗಮ್ಮ ಅದನ್ನು ಯಾರಿಗೂ ಹೇಳಿರಲಿಲ್ಲ, ಮಗಳಿಗೂ ಕೂಡ. ಕ.ಗೆ ಹೇಳದೆ ಇರುವ ಒಂದು ಮಾತಾದರೂ ತನಗೆ ಹೇಳಿದನಲ್ಲ ಅಂತ ಎಷ್ಟೋ ಸಲ ನೆನೆದು ಸಮಾಧಾನ ಮಾಡಿಕೊಂಡಿದ್ದಳು.

*

ಹೆಗ್ಗನಹಳ್ಳಿಯಲ್ಲಿ ಮನೆತನದ ಜಮೀನೆಲ್ಲ ಶೆಡ್ಡುಗಳಾಗಿ, ಸಮಾಧಿಗಳಿದ್ದ ಒಂದು ತುಂಡು ಮಾತ್ರ ಉಳಿದಿತ್ತು. ಎರಡೂ ಕಡೆ ಪವರ್‌ಲೂಮ್‌ಗಳು ಬಡಿಯುತ್ತಿದ್ದವು. ದೇಹ ಇಳಿಸಿದರು. ಬಿಳಿ ಬಟ್ಟೆ ಸರಿಮಾಡಿದರು. ಕಸ್ತೂರೆವ್ವ ಗುಂಡಿಯ ಅಂಚಿಗೆ ಬಂದು, ಕೆಳಗೆ ಇಳಿದು ನಿಂತಿದ್ದವನಿಗೆ ಕಲ್ಲು ಕೊಡಲು ಬಗ್ಗಿದಳು.

“ನಿಲ್ಲಿ,” ಅಂದಳು ಲಿಂಗಮ್ಮ. ಮಗ್ಗದ ಸದ್ದಿನಲ್ಲಿ ಕೇಳಲೆಂದು ಗಟ್ಟಿಯಾಗಿಯೇ ಅಂದಳು. “ಅದನ್ನ ಇಡಕೂಡ್ದು. ನನ್ನ ಗುಂಡೀಲಿ ಏನೂ ಹಾಕ್ಬೇಡಿ ಅಂತ ಅವರೇ ಹೇಳಿದಾರೆ. ನನಗೆ ಹೇಳಿದಾರೆ.”

ಎಲ್ಲರೂ ಅವಳ ಕಡೆ ತಿರುಗಿದರು. ಕೆಳಗಿದ್ದವನು ಚಾಚಿದ್ದ ಕೈ ಇಳಿಸಿ ಮೇಲೆ ಹತ್ತಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಲಿಂಗಮ್ಮನ ಹೊಟ್ಟೆ ತಣ್ಣಗಾಯಿತು.

“ಖರೇ ಐತ್ರಿ ಅಕ್ಕಾ,” ಅಂದಳು ಕಸ್ತೂರೆವ್ವ. “ನನಗೂ ಹೇಳಿದ್ರು. ಮಣ್ಣಾಗ ಸಿಕ್ಕಿದ್ದ ಖರೇ ಅಂತಾರ ಮಂದಿ, ಅಗದಾವಗ ಮೋಸ ಆಗಬಾರ್ದು ಅಂತ. ಅದಕ್ಕ ಇವತ್ತ ಮುಂಜಾನೆ ಕೆತ್ತೀನಿ, ನೋಡ್ರಿ.” ಕಲ್ಲನ್ನು ತಿರುಗಿಸಿ ತೋರಿಸಿದಳು. ಹಿಂಬದಿಯಲ್ಲಿ ಉಳಿಯಿಂದ ೨೦೦೭ ಅಂತ ಕೆತ್ತಿತ್ತು. ಪಕ್ಕದಲ್ಲಿ ಒಂದು ‘ಕ’. “ಹೊಸಾದು ಅಂತ ಯಾರಿಗರೆ ತಿಳೀತೈತಿ.”

“ಭೇಷ್! ಸಾರ್ ಹೇಳ್ಕೊಟ್ಟ ಹಾಗೇ ಮಾಡಿದೀರಿ,” ಅಂದ ಶಂಭುಲಿಂಗಪ್ಪ.

“ಮತ್ತಿನ್ನೇನು ಅತ್ತಿಗೆ, ಇರ್ಲಿ ಬಿಡಿ,” ಅಂದ ಮುನಿವೆಂಕಟಪ್ಪ.

ಅವಳಿಗೂ ಹೇಳಿದ್ದ! ಅದೇ ಮಾತು, ಅಕ್ಷರ ಆಚೀಚೆ ಇಲ್ಲದೆ. ಲಿಂಗಮ್ಮನಿಗೆ ಗುಂಡಿಯೊಳಗೆ ಮಲಗಿದ್ದವನನ್ನು ಎಬ್ಬಿಸಿ ಕೇಳಬೇಕೆನಿಸಿತು. ನನಗೆ ಅಂತ ಒಂದನ್ನಾದರೂ ಇಟ್ಟಿದ್ಯಾ ನೀನು? ನಾಳೆ ಯಾವನೋ ಬಂದು ಅಗೆಯುತ್ತಾನೆ. ಗಂಡಸಿನ ಮೂಳೆ, ಕೈಯಲ್ಲಿ ಕಲ್ಲು, ಕಲ್ಲಿನ ಮೇಲೆ ಕ. ಬರೆದುಕೊಳ್ಳುತ್ತಾನೆ. ಇವನಿಗೊಬ್ಬಳು ಹೆಂಡತಿ ಇದ್ದಳು, ಮೂವತ್ತಾರು ವರ್ಷ ಬೇಯಿಸಿ ಹಾಕಿದಳು ಅಂತ ಯಾವ ಮಣ್ಣು ಹೇಳುತ್ತದೆ ಅವನಿಗೆ?

“ಕೊಡಿಲ್ಲಿ,” ಅಂದು ಕೈ ಚಾಚಿದಳು.

ಕಸ್ತೂರೆವ್ವ ಕೊಟ್ಟಳು. ಅಂದುಕೊಂಡಿದ್ದಕ್ಕಿಂತ ಭಾರವಿತ್ತು, ಆದರೂ ಹಿಡಿತಕ್ಕೆ ಸರಿಯಾಗಿ ಕೂತಿತು. ಎಸೆದುಬಿಡುತ್ತಾಳೆ ಅಂತ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಲಿಂಗಮ್ಮ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಮನೆಯಿಂದ ಹೊರಡುವಾಗ ಓರಗಿತ್ತಿ ಎರಡೂ ಕೈಗೆ ತುಂಬಾ ತೊಡಿಸಿದ್ದ ಹಸಿರು ಬಳೆಗಳಿದ್ದವು. ಎಡಗೈಯನ್ನು ಗುಂಡಿಯ ಮೇಲೆ ಚಾಚಿ, ಕಲ್ಲಿನ ಅಂಚಿನಿಂದ ಒಂದು ಏಟು ಹಾಕಿದಳು.

“ಅಯ್ಯೋ, ಇವತ್ತಲ್ಲ ಕಣಮ್ಮಾ! ಹನ್ನೊಂದನೇ ದಿನ!” ಓರಗಿತ್ತಿ ಕೂಗಿದಳು.

“ಅಮ್ಮಾ, ಕೈ ಕುಯ್ಯುತ್ತೆ! ಅಪ್ಪಾಜಿ ಏನೂ ಹಾಕ್ಬೇಡಿ ಅಂದ್ರು ಅಂತ ನೀನೇ ಹೇಳ್ದೆ!” ಲತಾ ಓಡಿಬಂದಳು.

“ಅಂದ್ರೆ ಅನ್ಲಿ.” ಇನ್ನೊಂದು ಏಟು. ಗಾಜು ಚಟಚಟ ಒಡೆದು ಕೆಳಗೆ ಬಿತ್ತು. “ಅವನ್ಯಾವನೋ ಅಗೀತಾನಲ್ಲ, ಅವನಿಗೆ ನಾನೂ ಸಿಗ್ಲಿ.” ಕೈ ಬದಲಾಯಿಸಿದಳು. ಬಲಗೈಯದ್ದೂ ಒಂದೂ ಬಿಡದೆ ಒಡೆದಳು. ಮಣಿಕಟ್ಟಿನಲ್ಲಿ ರಕ್ತ ಜಿನುಗಿತು. ಬೆಳಗಿನಿಂದ ಬಾರದ ಅಳು ಈಗ ಬಂತು, ರಾಗವಿಲ್ಲ, ಮಾತಿಲ್ಲ, ಬರೀ ಸದ್ದು. ಅದು ನಿಲ್ಲುವವರೆಗೆ ಯಾರೂ ಹತ್ತಿರ ಹೋಗಲಿಲ್ಲ.

ಆಮೇಲೆ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. ಕಲ್ಲನ್ನು ಕಸ್ತೂರೆವ್ವನ ಕೈಗೇ ವಾಪಸ್ ಇಟ್ಟಳು.

“ನಿನ್ನ ಕಲ್ಲು ನೀನೇ ಇಟ್ಕೊ,” ಅಂದಳು. “ಇಲ್ಲಿ ಜಾಗ ಇಲ್ಲ.”

ಮುನಿವೆಂಕಟಪ್ಪ ಮೊದಲ ಹಿಡಿ ಮಣ್ಣು ಹಾಕಿದ. ಬಿಳಿ ಬಟ್ಟೆಯ ಮೇಲೆ, ಎದೆಯ ಹತ್ತಿರ ಚೆಲ್ಲಿದ್ದ ಹಸಿರು ಚೂರುಗಳು ಒಂದೊಂದಾಗಿ ಮುಚ್ಚಿಕೊಂಡವು. ಕಸ್ತೂರೆವ್ವ ಗುಂಡಿಯ ಆಚೆ ಬದಿಯಲ್ಲಿ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅದರ ಅಂಚಿನಲ್ಲಿ ಗಾಜಿನ ಪುಡಿ ಹಸಿರಾಗಿ ಅಂಟಿಕೊಂಡಿತ್ತು.