ಆಂಬುಲೆನ್ಸಿನ ಬೆಸುಗೆ

ಆ ತಿಂಗಳಲ್ಲಿ ಮೂರನೇ ಸಲ ಡ್ರೈವರ್ ಇಲಾರಿಯೋ ತನ್ನ ಆಂಬುಲೆನ್ಸನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ನನ್ನ ಶೆಡ್ಡಿಗೆ ಬಂದ. ನಮ್ಮ ಒರೂರೋ ಊರಲ್ಲಿ ಗಾಡಿಗಳ ವೈರಿಂಗ್ ಮಾಡುವ ಹೆಂಗಸು ನಾನೊಬ್ಬಳೇ. ಒಂದೇ ಕೆಲಸ ಮೂರು ಸಲ ಕೆಟ್ಟರೆ ಬೀದಿಯವರು ಸುಮ್ಮನಿರುತ್ತಾರೆಯೇ?

"ಸೆನೋಬಿಯಕ್ಕ, ನೀನು ಬೆಸುಗೆ ಹಾಕ್ತೀಯೋ, ಉಗುಳು ಹಚ್ತೀಯೋ?" ಅಂದ. "ನಿನ್ನೆ ಗಣಿ ದಾರೀಲಿ ಎಂಜಿನ್ನಿಗೆ ಪೆಟ್ರೋಲ್ ಕಳಿಸೋ ಮೋಟರಿನ ವೈರು ಮತ್ತೆ ಕೈಕೊಡ್ತು. ಒಳಗೆ ಬಸುರಿ ಹೆಂಗಸು. ಗಾಡಿ ನಿಂತಲ್ಲೇ ಹೆರಿಗೆ ಆಯ್ತು."

"ಅಯ್ಯೋ! ಮಗು?"

"ನರ್ಸಮ್ಮ ಇದ್ರು, ಇಬ್ಬರೂ ಬಚಾವು."

ಗಾಡಿಯಡಿಗೆ ನುಸುಳಿದೆ. ನಾನೇ ಹಾಕಿದ ಬೆಸುಗೆಯ ಮೇಲಿನ ಪ್ಲಾಸ್ಟಿಕ್ ಸೀಳಿದೆ. ತಾಮ್ರದ ಎಳೆಗಳೆಲ್ಲ ಹಸಿರುಗಟ್ಟಿದ್ದವು. ಮುಟ್ಟಿದರೆ ಉದುರಿದವು. ಆಸಿಡ್ ತಿಂದ ಗುರುತು ಅದು. ನಲ್ಲಿ ಕೆಲಸದ ಬೆಸುಗೆ ತಂತಿಯೊಳಗೆ ಆಸಿಡ್ ಇರುತ್ತದೆ. ವೈರಿಗೆ ಹಾಕುವುದರೊಳಗೆ ರಾಳ.

ಆದರೆ ನಾನು ಹಾಕಿದ್ದು ನನ್ನದೇ ಉರುಳೆಯ ತಂತಿ. ಮೇಲೆ ರಾಳದ್ದು ಅಂತಲೇ ಚೀಟಿ ಇತ್ತು.

ನನ್ನ ಗಂಡ ರುಫಿನೋ ನಲ್ಲಿ ರಿಪೇರಿಯವರು. ಶೆಡ್ಡಿನ ಆ ಮೂಲೆ ಅವರದು. ಉರುಳೆ ಹಿಡಿದುಕೊಂಡು ಹೋಗಿ ಅವರ ಮುಂದೆ ನಿಂತೆ.

"ಅದಾ? ನಿಂದು ಮುಗಿಯೋಕೆ ಬಂದಿತ್ತಲ್ಲ, ನನ್ನದರಿಂದ ಒಂದಿಷ್ಟು ಸುತ್ತಿಟ್ಟೆ. ಎರಡೂ ತವರ ತಾನೇ?"

"ರೀ, ಒಂದು ಮಾತು ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು?"

"ನಿನಗೆ ಸಹಾಯ ಮಾಡೋಣ ಅಂತ..."

"ನಿಮ್ಮ ಸಹಾಯಕ್ಕೆ ಬೆಂಕಿ ಬೀಳ! ರಸ್ತೇಲಿ ಒಬ್ಬಳು ಹೆತ್ತಳು!"

ಬೈದೆನೇನೋ ನಿಜ, ಆದರೆ ತಪ್ಪು ನನ್ನದೂ ಇತ್ತು. ಯಾಕೆಂದರೆ ಬೆಸುಗೆಯ ಹೊಗೆ ವಾಸನೆ ಬೇರೆ ಥರ ಇದೆ ಅಂತ ಮೊದಲ ದಿನವೇ ನನಗೆ ಅನಿಸಿತ್ತು. ಬೇರೆ ಕಂಪನಿಯ ಮಾಲು ಇರಬೇಕು ಅಂದುಕೊಂಡು ಕೆಲಸ ಮುಂದುವರಿಸಿದ್ದೆ. ಹದಿನೆಂಟು ವರ್ಷದ ಕಸುಬು, ಮೂಗು ಹೇಳಿದ್ದನ್ನು ಕೇಳಲಿಲ್ಲ.

ಅಂಗಡಿಗೆ ಹೋಗಿ ರಾಳದ ತಂತಿ ತಂದೆ. ಅಲ್ಲೇ ಒಂದು ತುಂಡು ಕರಗಿಸಿ ಮೂಸಿ ನೋಡಿದೆ. ಅಂಗಡಿಯವ ನಕ್ಕ, ನಗಲಿ. ಹಸಿರು ಹತ್ತಿದಷ್ಟೂ ವೈರನ್ನು ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸೆದೆ. ಇಲಾರಿಯೋ ನಾಲ್ಕು ಸಲ ಎಂಜಿನ್ ಚಾಲೂ ಮಾಡಿ ನೋಡಿ ಹೊರಟ.

ಆ ಉರುಳೆಯಿಂದ ಇನ್ನೂ ಐದು ಗಾಡಿಗೆ ಬೆಸುಗೆ ಹಾಕಿದ್ದೆ. ರುಫಿನೋ ಟೋಪಿ ಹಾಕಿಕೊಂಡು ತಾವೇ ಹುಡುಕಿಕೊಂಡು ಹೋದರು. ಸಂಜೆಯೊಳಗೆ ನಾಲ್ಕು ಬಂದವು. ಐದನೆಯದು ಕಾಸಿಯಾನೋನ ಮಿನಿಬಸ್ಸು; ಬೆಳಿಗ್ಗೆಯೇ ಜನ ತುಂಬಿಕೊಂಡು ದೂರದ ಪೊತೊಸಿ ಊರಿಗೆ ಹೊರಟಿತ್ತು. ಅವನ ಫೋನಿಗೆ ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ.